ಸ್ಕಾರ್ಫ್ ತೆಗೆದರೆ ಚಟಚಟ ಸದ್ದೇಕೆ?

ನವೆಂಬರ್ ಬಂದು ಯಾದಗಿರಿ, ಶಹಾಪುರ, ಸುರಪುರದ ಕಡೆ ಒಣಗಾಳಿ ಬೀಸತೊಡಗಿತೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಒಂದು ವಿಚಿತ್ರ ಕಿರಿಕಿರಿ ಶುರುವಾಗುತ್ತದೆ. ಕಾಲೇಜಿನಿಂದ ಬಂದು ಬುರ್ಖಾ, ಸ್ಕಾರ್ಫ್ ತೆಗೆದೊಡನೆ ಚಟಚಟ ಸದ್ದು. ಕತ್ತಲ ಕೋಣೆಯಾದರೆ ಸಣ್ಣ ಕಿಡಿಗಳೂ ಕಾಣುತ್ತವೆ. ಕೂದಲು ಎಳೆಎಳೆಯಾಗಿ ನೆಟ್ಟಗೆ ನಿಲ್ಲುತ್ತದೆ, ಮುಖಕ್ಕೆ ಅಂಟಿಕೊಳ್ಳುತ್ತದೆ, ಬಾಚಣಿಗೆ ಹತ್ತಿರ ತಂದರೆ ಅದರತ್ತ ಹಾರುತ್ತದೆ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಮನೆಯ ಹಿರಿಯರು ಹೇಳಿದರೆ, ಕೂದಲು ಹಾಳಾಗಿದೆ, ಪಾರ್ಲರ್‌ಗೆ ಹೋಗಿ ಸ್ಟ್ರೈಟನಿಂಗ್ ಮಾಡಿಸಿಕೋ ಎಂದು ಗೆಳತಿಯರು ಹೇಳುತ್ತಾರೆ. ಎರಡೂ ಸರಿಯಲ್ಲ. ಇದು ಕಾಯಿಲೆಯೂ ಅಲ್ಲ, ಸಾವಿರಾರು ರೂಪಾಯಿ ಸುರಿಯಬೇಕಾದ ಸಮಸ್ಯೆಯೂ ಅಲ್ಲ.

ಇದಕ್ಕೆ ಸ್ಥಿರ ವಿದ್ಯುತ್ ಎನ್ನುತ್ತಾರೆ. ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ಉಜ್ಜಿದಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಕಣಗಳು ಜಾರುತ್ತವೆ. ಪಾಲಿಯೆಸ್ಟರ್ ಸ್ಕಾರ್ಫ್ ತಲೆಗೆ ಉಜ್ಜಿದಾಗ ಕೂದಲು ಆ ಕಣಗಳನ್ನು ಕಳೆದುಕೊಳ್ಳುತ್ತದೆ. ಆಗ ಎಲ್ಲ ಎಳೆಗಳಲ್ಲೂ ಒಂದೇ ಬಗೆಯ ವಿದ್ಯುದಂಶ ಉಳಿಯುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಮಳೆಗಾಲದಲ್ಲಿ ಗಾಳಿಯ ತೇವ ಈ ವಿದ್ಯುತ್ತನ್ನು ಮೆಲ್ಲಗೆ ಹರಿದುಹೋಗಲು ಬಿಡುತ್ತದೆ. ಗಾಳಿಯ ತೇವಾಂಶ ಶೇ. 40ಕ್ಕಿಂತ ಕೆಳಗಿಳಿದರೆ ಅದು ಹೋಗಲು ದಾರಿಯಿಲ್ಲದೆ ಶೇಖರವಾಗುತ್ತದೆ. ಬೆರಳಿಗೆ ಚುರುಕ್ ಎನ್ನುವಷ್ಟು ಕಿಡಿ ಹಾರಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಅದರಲ್ಲಿ ಹರಿಯುವ ವಿದ್ಯುತ್ ತೀರಾ ಅಲ್ಪ, ಅದೂ ಕ್ಷಣಾರ್ಧದ ಮಟ್ಟಿಗೆ. ಅಂದಹಾಗೆ, ಅರಬಿಯಲ್ಲಿ ವಿದ್ಯುತ್ತಿಗೆ ಇರುವ 'ಕಹ್ರಬಾ' ಎಂಬ ಹೆಸರು ಇದೇ ಉಜ್ಜಾಟದಿಂದ ಬಂದದ್ದು. ಪಾರಸಿಯಲ್ಲಿ 'ಕಾಹ್-ರುಬಾ' ಎಂದರೆ ಹುಲ್ಲನ್ನು ಕದಿಯುವಂಥದ್ದು. ಬಟ್ಟೆಗೆ ಉಜ್ಜಿದ ಅಂಬರ್ ಮಣಿ ಒಣಹುಲ್ಲಿನ ಚೂರನ್ನು ಸೆಳೆದುಕೊಳ್ಳುವುದನ್ನು ಕಂಡವರು ಇಟ್ಟ ಹೆಸರು ಅದು.

ಈಗ ನಮ್ಮ ತಲೆಯ ಮೇಲಿನ ಬಟ್ಟೆಯ ವಿಷಯಕ್ಕೆ ಬರೋಣ. ಈ ಮೂರೂ ತಾಲೂಕುಗಳ ಕಪ್ಪುಮಣ್ಣಿನ ಹೊಲಗಳಲ್ಲಿ ಹತ್ತಿ ಬೆಳೆಯುತ್ತದೆ. ಚಳಿಗಾಲದಲ್ಲಿ ಅದನ್ನು ಬಿಡಿಸುವವರು ಹೆಚ್ಚಾಗಿ ಹೆಂಗಸರೇ. ಆದರೆ ಪೇಟೆಯಲ್ಲಿ ಮಾರಾಟವಾಗುವ ಜಾರ್ಜೆಟ್, ಶಿಫಾನ್ ಸ್ಕಾರ್ಫ್‌ಗಳಲ್ಲಿ, ನಿದಾ ಬುರ್ಖಾಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅಗ್ಗ, ಹಗುರ, ಇಸ್ತ್ರಿಯ ಗೊಡವೆಯಿಲ್ಲ ಎಂದು ಕೊಳ್ಳುತ್ತೇವೆ. ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4 ಮಾತ್ರ. ತೇವವಿಲ್ಲದ ಬಟ್ಟೆ ಒಣ ಕೂದಲಿಗೆ ದಿನವಿಡೀ ಉಜ್ಜುತ್ತಿದ್ದರೆ ಕಿಡಿ ಹಾರದೆ ಇನ್ನೇನು?

ಇಷ್ಟಕ್ಕೆ ಇರುವ ಸ್ಕಾರ್ಫ್‌ಗಳನ್ನೆಲ್ಲ ಎಸೆಯಬೇಕಾಗಿಲ್ಲ. ಒಳಗೆ ಹತ್ತಿಯದೊಂದು ತೆಳುವಾದ ಟೋಪಿ ಹಾಕಿಕೊಂಡರೆ ಸಾಕು. ಹಳೆಯ ಹತ್ತಿ ದುಪಟ್ಟಾ ಅಥವಾ ಮೆತ್ತಗಾದ ಸೀರೆಯ ತುಂಡಿನಿಂದ ಮನೆಯಲ್ಲೇ ಹೊಲಿಯಬಹುದು, ಅರ್ಧ ಗಂಟೆಯ ಕೆಲಸ. ಎರಡು ಹೊಲಿದುಕೊಂಡರೆ ಒಂದು ಒಗೆಯಲು, ಒಂದು ತೊಡಲು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಒಳಟೋಪಿಗಳು ಹಲವು ಸಲ ಪಾಲಿಯೆಸ್ಟರ್ ಬೆರಕೆಯವು. ಅಂಥದ್ದನ್ನು ಕೊಂಡರೆ ಮತ್ತೆ ಅದೇ ಕಥೆ. ಬಟ್ಟೆ ಹತ್ತಿಯದೇ ಎಂದು ತಿಳಿಯಲು ಅಂಚಿನ ಒಂದು ದಾರ ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ ನೋಡಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಆ ಗುಂಡನ್ನು ನೋಡಿದ ಮೇಲೆ ಅಡುಗೆಮನೆಯ ನೆನಪಾಗಬೇಕು. ಹೊತ್ತಿಕೊಂಡ ಪಾಲಿಯೆಸ್ಟರ್ ದುಪಟ್ಟಾ ಹೀಗೆಯೇ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಹಿಡಿಯುತ್ತದೆ, ಆದರೆ ಹಾಗೆ ಕರಗಿ ಮೈಗೆ ಮೆತ್ತಿಕೊಳ್ಳುವುದಿಲ್ಲ. ಒಲೆಯ ಮುಂದೆ ಯಾವ ಬಟ್ಟೆಯೇ ಇರಲಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿರಿ.

ಇನ್ನು ತಲೆಸ್ನಾನ. ಬೋರ್‌ವೆಲ್ಲಿನ ಸವಳು ನೀರೇ ಗತಿಯಾಗಿರುವ ಮನೆಗಳಲ್ಲಿ ಕೂದಲು ಬೇಗ ಒರಟಾಗುತ್ತದೆ. ಗಡಸು ನೀರಿನ ಲವಣ ಸೋಪಿನೊಡನೆ ಸೇರಿ ಎಳೆಯ ಮೇಲೆ ಬಿಳಿ ಪದರ ಕಟ್ಟುತ್ತದೆ, ಒರಟು ಕೂದಲಿಗೆ ಉಜ್ಜಾಟ ಹೆಚ್ಚು. ಆದ್ದರಿಂದ ಮೈಸೋಪನ್ನು ತಲೆಗೆ ಹಚ್ಚಬೇಡಿ. ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ತಲೆ ತೊಳೆದರೆ ಬೇಕಾದಷ್ಟಾಯಿತು, ಅದೂ ಉಗುರುಬೆಚ್ಚಗಿನ ನೀರಿನಲ್ಲಿ. ಕೊನೆಯ ಒಂದು ಚೊಂಬು ಸಿಹಿನೀರಿರಲಿ. ಅದಕ್ಕೆ ಕೆಲವು ಹನಿ ನಿಂಬೆರಸ ಬೆರೆಸಿದರೆ ಕೂದಲು ನುಣುಪಾಗುತ್ತದೆ. ಶಾಂಪೂ ಬಳಸುವವರು ಕಂಡೀಷನರ್ ಬಿಡಬಾರದು. ಅದು ಬರೀ ಶ್ರೀಮಂತರ ಶೋಕಿಯಲ್ಲ. ಅದರಲ್ಲಿರುವ ಅಂಶ ಎಳೆಗೆ ಅಂಟಿಕೊಂಡು ತೇವ ಉಳಿಸಿ ಉಜ್ಜಾಟ ತಗ್ಗಿಸುತ್ತದೆ. ಸಣ್ಣ ಸ್ಯಾಶೆ ತಂದರೂ ನಡೆಯುತ್ತದೆ. ಶೀಗೆಕಾಯಿ ಹಚ್ಚುವವರು ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಕೂದಲು ಅಷ್ಟು ಒಣಗುವುದಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಒದ್ದೆ ಕೂದಲ ಮೇಲೆಯೇ ಸ್ಕಾರ್ಫ್ ಕಟ್ಟುವವರಿದ್ದಾರೆ. ಒದ್ದೆಯಾಗಿದ್ದರೆ ಕಿಡಿ ಹಾರದು ನಿಜ, ಆದರೆ ಒದ್ದೆ ಎಳೆ ಬೇಗ ಹಿಗ್ಗಿ ತುಂಡಾಗುತ್ತದೆ, ತಲೆಯಲ್ಲಿ ವಾಸನೆ, ತುರಿಕೆ ಬೇರೆ. ಕೂದಲು ಪೂರ್ತಿ ಒಣಗಲಿ. ಆಮೇಲೆ ಎರಡು ಹನಿ ಎಣ್ಣೆ ಅಂಗೈಗೆ ತಿಕ್ಕಿ ತುದಿಗಳ ಮೇಲೆ ಸವರಿದರೆ ಹಾರಾಟ ನಿಲ್ಲುತ್ತದೆ. ಪ್ಲಾಸ್ಟಿಕ್ ಬಾಚಣಿಗೆ ಬಿಟ್ಟು ಅಗಲ ಹಲ್ಲಿನ ಮರದ ಬಾಚಣಿಗೆ ಹಿಡಿಯಿರಿ. ಹೊರಗಿದ್ದಾಗ ಕೂದಲು ಎದ್ದು ನಿಂತರೆ ಒದ್ದೆ ಕೈಯಿಂದ ಒಮ್ಮೆ ಸವರಿದರಾಯಿತು. ವುಝೂವಿನ ವೇಳೆ ತಲೆ ಸವರಿದ ಮೇಲೆ ಕೂದಲು ಸ್ವಲ್ಪ ಹೊತ್ತು ಸುಮ್ಮನಿರುವುದನ್ನು ನೀವೂ ಗಮನಿಸಿರಬಹುದು. ಅಮೆರಿಕದಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಸುಗಂಧದ ಹಾಳೆಯನ್ನು ಕೂದಲಿಗೆ ಉಜ್ಜುವ ಉಪಾಯವೊಂದಿದೆ. ಅದು ಬಟ್ಟೆಗಾಗಿ ಮಾಡಿದ ರಾಸಾಯನಿಕ, ತಲೆಗೆ ಬೇಡ.

ಮದುವೆಯ ಮುಂಚೆ ಪಾರ್ಲರ್‌ನಲ್ಲಿ ಕೂದಲು ನೆಟ್ಟಗೆ ಮಾಡಿಸಿಕೊಳ್ಳುವ ಆತುರದ ಬಗ್ಗೆ ತಾಯಂದಿರಿಗೆ ಒಂದು ಮಾತು. ಇಂಥ ಕೆಲವು ದ್ರಾವಣಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಇದು ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದರ ಬದಲು ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕಥೆಯೂ ಚೆನ್ನಾಗಿಲ್ಲ. 26 ವರ್ಷದ ಯುವತಿಯೊಬ್ಬಳಿಗೆ 2020, 2021 ಮತ್ತು 2022ರಲ್ಲಿ ಹೀಗೆ ಕೂದಲು ನೆಟ್ಟಗೆ ಮಾಡಿಸಿಕೊಂಡ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ನಾಲ್ಕು ತಿಂಗಳ ಒಣಗಾಳಿಗೆ ಇಷ್ಟು ಬೆಲೆ ತೆರಬೇಕೇ?

ಆದರೆ ಕೂದಲು ಹಾರುವುದಷ್ಟೇ ಅಲ್ಲದೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ತೆಳುವಾಗುತ್ತಾ ಬರುತ್ತಿದ್ದರೆ ಅದು ಬೇರೆ ವಿಷಯ. ದಿನಾಲೂ ಬಿಗಿಯಾಗಿ ಜಡೆ ಎಳೆದು, ಪಿನ್ನು ಚುಚ್ಚಿ ಸ್ಕಾರ್ಫ್ ಬಿಗಿದರೆ ಹಾಗಾಗುತ್ತದೆ. ಮೊದಲು ಜಡೆ, ತುರುಬು ಸಡಿಲಿಸಿ, ಪಿನ್ನು ಚುಚ್ಚುವ ಜಾಗ ಬದಲಿಸಿ. ಎರಡು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇಲ್ಲವಾದರೆ, ಎಣ್ಣೆ ಬದಲಿಸುತ್ತ ಕೂರದೆ ಚರ್ಮದ ವೈದ್ಯರಿಗೆ ತೋರಿಸಿ.