ಕಲಾಮೇಳಗಳಿಗೆ ಆಶ್ರಯ ಸಂಸ್ಥೆ

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ನಾಗಮಂಗಲದ ಎಲ್ಲೆಗೆ ಸಮೀಪವಾದ ಒಂದು ಹಳ್ಳಿಯಲ್ಲಿ ಮೂಡಲಪಾಯದ ಮೇಳವೊಂದಿದೆ. ಅದರ ಭಾಗವತರು ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಶಾಲೆ ಬಿಡುವ ಹೊತ್ತಿಗೆ, ಕೈಯಲ್ಲಿ ಮಡಿಸಿದ ಕಾಗದವೊಂದನ್ನು ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ವೇಷದ ಪೆಟ್ಟಿಗೆಯನ್ನು ದುರಸ್ತಿ ಮಾಡಿಸಬೇಕು, ಊರಿನ ಹನ್ನೆರಡು ಹುಡುಗರಿಗೆ ಹೆಜ್ಜೆ ಕಲಿಸಬೇಕು, ತಮಗೆ ಬಾಯಿಪಾಠವಾಗಿರುವ ಐದು ಪ್ರಸಂಗಗಳನ್ನು ಧ್ವನಿಮುದ್ರಣ ಮಾಡಿಸಬೇಕು ಎಂದು ಅವರು ಒಂದು ದಾನಸಂಸ್ಥೆಗೆ ಬರೆದುಕೊಂಡಿದ್ದರು. ಬಂದ ಉತ್ತರ ಎರಡೇ ಸಾಲು. ಕಾರ್ಯವು ಮೆಚ್ಚತಕ್ಕದ್ದು, ಆದರೆ ಅರ್ಜಿಯು ನೋಂದಾಯಿತ ಸಂಸ್ಥೆಯೊಂದರ ಮೂಲಕ ಬರಬೇಕು.

ಭಾಗವತರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಏನ್ ಮೇಷ್ಟ್ರೇ, ಕುಣಿಯೋರು ನಾವು, ಹೆಸ್ರು ಇನ್ನೊಬ್ಬರ್ದಾ?" ಎಂದರು.

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾದದ್ದು. ಆ ಅರೆಬರೆಯಿಂದ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಪೂರ್ಣವಾದ ಉತ್ತರ ಏನಾಗಿರಬೇಕಿತ್ತು ಎಂಬುದನ್ನು ನೋಡೋಣ.

ಸರ್ಕಾರವಾಗಲಿ, ದಾನಸಂಸ್ಥೆಯಾಗಲಿ, ಉದ್ಯಮವಾಗಲಿ ಹಣ ಕೊಟ್ಟ ಮೇಲೆ ಲೆಕ್ಕ ಕೇಳುತ್ತದೆ. ಲೆಕ್ಕ ಕೇಳುವುದಕ್ಕೆ ಕಾನೂನು ಗುರುತಿಸುವ ಒಬ್ಬ ವ್ಯಕ್ತಿಯೋ ಒಂದು ಸಂಸ್ಥೆಯೋ ಎದುರಿಗೆ ಇರಬೇಕು. ಊರವರು ಕೂಡಿ ಕಟ್ಟಿದ ಮೇಳ ನೂರು ವರ್ಷ ಬಾಳಿದ್ದರೂ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಅದರ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿಲ್ಲ, ಆದಾಯ ತೆರಿಗೆಯ ಗುರುತಿನ ಸಂಖ್ಯೆಯಿಲ್ಲ, ವರ್ಷದ ಲೆಕ್ಕ ಪರಿಶೋಧನೆಯಿಲ್ಲ. ಆದುದರಿಂದ ಈಗಾಗಲೇ ನೋಂದಣಿಯಾಗಿ, ಲೆಕ್ಕ ಸರಿಯಿಟ್ಟುಕೊಂಡಿರುವ ಸಂಸ್ಥೆಯೊಂದು ಮೇಳದ ಕಾರ್ಯವನ್ನು ತನ್ನ ನೆರಳಿಗೆ ತೆಗೆದುಕೊಂಡು, ಹಣವನ್ನು ತಾನು ಪಡೆದು, ಕಾರ್ಯಕ್ಕೆ ವೆಚ್ಚ ಮಾಡಿ, ಕೊಟ್ಟವರಿಗೆ ತಾನೇ ಲೆಕ್ಕ ಒಪ್ಪಿಸುತ್ತದೆ. ಅಂಥದನ್ನು ನಾವು ಆಶ್ರಯ ಸಂಸ್ಥೆ ಎಂದು ಕರೆಯಬಹುದು. ಅಮೆರಿಕದಲ್ಲಿ ಈ ಪದ್ಧತಿ ಎಷ್ಟು ಬೇರೂರಿದೆಯೆಂದರೆ, ಗ್ರೆಗರಿ ಕೊಲ್ವಿನ್ ಎಂಬ ವಕೀಲರು 1993ರಲ್ಲಿ ಅದರ ಆರು ಬಗೆಗಳನ್ನು ವಿವರಿಸಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಸೀಮೆಗೂ ಇದರ ತಿರುಳು ಹೊಸದೇನಲ್ಲ. ಹಿಂದೆ ಸಾಲ ಕೇಳುವ ಬಡರೈತನ ಬೆನ್ನಿಗೆ ಊರ ಗೌಡರು ಜಾಮೀನು ನಿಲ್ಲುತ್ತಿರಲಿಲ್ಲವೆ? ಅಂತಹುದೇ ಇದು. ವ್ಯತ್ಯಾಸವೆಂದರೆ, ಇಲ್ಲಿ ಜಾಮೀನುದಾರನ ಕೈಯಲ್ಲಿಯೇ ಹಣ ಇರುತ್ತದೆ.

"ಹಾಗಾದರೆ ಮೇಳವನ್ನೇ ನೋಂದಾಯಿಸಿಬಿಟ್ಟರಾಯಿತಲ್ಲ" ಎಂದು ಕೆಲವರು ಕೇಳಬಹುದು. ಮಾಡಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ಸೇರಿದರೆ ಸಾಕು. ಸಾಹಿತ್ಯ, ಲಲಿತಕಲೆಗಳಂತಹ ಉದ್ದೇಶಕ್ಕಾಗಿ ಸಂಘ ಕಟ್ಟಬಹುದು. ಆದರೆ ಸಂಘವನ್ನು ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಪದಾಧಿಕಾರಿಗಳ ಪಟ್ಟಿಯನ್ನೂ ಜಮಾಖರ್ಚನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ತೆರಿಗೆಯ ವಿನಾಯಿತಿ ಬೇಕಾದರೆ ಅದಕ್ಕೆ ಬೇರೆ ಅರ್ಜಿ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಉತ್ಸಾಹದಿಂದ ಹುಟ್ಟಿ, ಎರಡನೆಯ ವರ್ಷದಲ್ಲಿಯೇ ಲೆಕ್ಕ ಸಲ್ಲಿಸದೆ ಮಲಗಿಬಿಟ್ಟ ಸಂಘಗಳು ಯಾರಿಗೆ ತಿಳಿಯದು? ಬಹುಕಾಲ ನಡೆಯತಕ್ಕ ಕಾರ್ಯವಾದರೆ ಸಂಘ ಬೇಕು. ಶ್ರೀರಂಗಪಟ್ಟಣದ ಯುವಕರು ಕೋಟೆಯೊಳಗಿನ ಹಳೆಯ ಶಾಸನಗಳ ಪಟ್ಟಿ ಮಾಡಬೇಕೆಂದಿದ್ದರೆ, ಪಾಂಡವಪುರದ ಕಡೆಯ ಹೆಣ್ಣುಮಕ್ಕಳು ಅಜ್ಜಿಯರ ಸೋಬಾನೆ ಪದಗಳನ್ನು ಸಂಗ್ರಹಿಸಬೇಕೆಂದಿದ್ದರೆ, ಅದು ಒಂದೆರಡು ವರ್ಷದ ಕಾರ್ಯ. ಅದಕ್ಕೆ ಆಶ್ರಯವೇ ಲೇಸು.

ಒಬ್ಬರ ಶ್ರಮ ಸಂಸ್ಥೆಯ ನೆರಳಿನಲ್ಲಿ ಎಷ್ಟು ಕಾಲ ಉಳಿಯಬಲ್ಲದೆಂಬುದಕ್ಕೆ ಉದಾಹರಣೆ ನಮ್ಮ ನೆಲದಲ್ಲಿಯೇ ಇದೆ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ಹಾಡು ಕತೆಗಳನ್ನು ಕೂಡಿಹಾಕಿದ್ದಷ್ಟಕ್ಕೇ ನಿಲ್ಲಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಅದರ ಆಶ್ರಯದಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನಿರ್ಮಿಸಿದರು. ಗೌಡರು 2005ರಲ್ಲಿ ತೀರಿಕೊಂಡರು. ಜಾನಪದ ಲೋಕ ಇಂದಿಗೂ ಬೆಂಗಳೂರು ಮೈಸೂರು ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆಯುತ್ತಿದೆ.

ಇನ್ನು ಆಶ್ರಯ ಕೇಳುವ ಕ್ರಮಕ್ಕೆ ಬರೋಣ. ಸಂಸ್ಥೆಯ ಬಾಗಿಲಿಗೆ ಹೋಗುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಬೇಕು. ಮೊದಲನೆಯದು, ಆ ಸಂಸ್ಥೆಯ ನಿಯಮಾವಳಿಯಲ್ಲಿ ಬರೆದಿರುವ ಉದ್ದೇಶಗಳಲ್ಲಿ ನಿಮ್ಮ ಕಾರ್ಯ ಸೇರುತ್ತದೆಯೆ? ಗೋಶಾಲೆ ನಡೆಸಲು ಹುಟ್ಟಿದ ಸಂಸ್ಥೆ ಬಯಲಾಟಕ್ಕೆ ಹಣ ಪಡೆದರೆ, ನಾಳೆ ಲೆಕ್ಕ ಪರಿಶೋಧಕರ ಆಕ್ಷೇಪಣೆಗೆ ಗುರಿಯಾಗುತ್ತದೆ. ಎರಡನೆಯದು, ಅದರ ನೋಂದಣಿಯೂ ತೆರಿಗೆ ವಿನಾಯಿತಿಯೂ ಈ ಹೊತ್ತಿಗೆ ಊರ್ಜಿತದಲ್ಲಿವೆಯೆ? ಮೂರನೆಯದು, ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕಪತ್ರಗಳನ್ನು ತೋರಿಸಬಲ್ಲದೆ? ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವವರು ನಾವು.

ಹಣ ಎಲ್ಲಿಂದ ಬರುತ್ತದೆಂಬುದರ ಮೇಲೆ ನಿಯಮಗಳೂ ಬದಲಾಗುತ್ತವೆ. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ಪರಂಪರಾಗತ ಕಲೆಗಳ ರಕ್ಷಣೆಯೂ ಆ ಪಟ್ಟಿಯಲ್ಲಿ ಸೇರಿದೆ. ಆದರೆ 2021ರ ಏಪ್ರಿಲ್ 1ರಿಂದ ಕಂಪನಿಗಳ ಪರವಾಗಿ ಕಾರ್ಯ ನಡೆಸುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಅದಕ್ಕೆಂದೇ ಹೆಸರು ದಾಖಲಿಸಿರಬೇಕು. ಆಶ್ರಯ ಕೊಡುವವರಿಗೆ ಆ ದಾಖಲೆ ಉಂಟೇ ಎಂದು ಕೇಳಿ.

ಹೊರದೇಶದ ಹಣದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮೂರ ಹುಡುಗರು ಹಲವರು ಅಮೆರಿಕ, ಇಂಗ್ಲೆಂಡುಗಳಲ್ಲಿದ್ದಾರೆ; ಊರ ಆಟಕ್ಕೆ ಕೈಲಾದಷ್ಟು ಕೊಡುವ ಮನಸ್ಸೂ ಅವರಿಗಿದೆ. ಭಾರತದ ಪೌರನಾಗಿಯೇ ಉಳಿದವನು ತನ್ನ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶೀ ಕೊಡುಗೆ ಎನಿಸುವುದಿಲ್ಲ. ಅಲ್ಲಿಯ ಪೌರತ್ವ ಪಡೆದವನು ಕಳುಹಿಸಿದ್ದು, ಅವನು ನಿಮ್ಮ ಸ್ವಂತ ಸೋದರಳಿಯನೇ ಆಗಿರಲಿ, ವಿದೇಶೀ ಕೊಡುಗೆಯೇ. ಅದನ್ನು ಪಡೆಯುವುದಕ್ಕೆ ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ಅಪ್ಪಣೆ ಇರಬೇಕು. ಅಷ್ಟೇ ಅಲ್ಲ, 2020ರ ತಿದ್ದುಪಡಿಯ ತರುವಾಯ ಒಂದು ಸಂಸ್ಥೆ ಅಂಥ ಹಣವನ್ನು ಇನ್ನೊಬ್ಬರಿಗೆ ವರ್ಗಾಯಿಸಕೂಡದು. ಹಾಗಾಗಿ ಇಲ್ಲಿ "ನೀವು ಪಡೆದು ನಮಗೆ ಕೊಡಿ" ಎಂಬ ಮಾತು ನಡೆಯುವುದಿಲ್ಲ. ಕಾರ್ಯವನ್ನು ಸಂಸ್ಥೆಯೇ ತನ್ನ ಕಾರ್ಯವಾಗಿ ಕೈಗೊಂಡು, ವೆಚ್ಚವನ್ನು ತಾನೇ ನೇರವಾಗಿ ಮಾಡಬೇಕು.

ಅರ್ಜಿ ಬರೆಯುವ ಬಗೆಯನ್ನು ಹೇಳುವುದಾದರೆ, ವ್ಯಾಕರಣ ಕಲಿಸುವ ಮೇಷ್ಟರಾದ ನಾನೇ ಹೇಳಬೇಕಾದ ಮಾತೊಂದಿದೆ: ವಿಶೇಷಣಗಳನ್ನು ಕಡಮೆ ಮಾಡಿ, ಸಂಖ್ಯೆಗಳನ್ನು ಹೆಚ್ಚು ಮಾಡಿ. "ಭವ್ಯವಾದ ಪುರಾತನ ಕಲೆಯನ್ನು ಉಳಿಸಲು" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. "ಹನ್ನೆರಡು ಹುಡುಗರಿಗೆ ಆರು ತಿಂಗಳು, ವಾರಕ್ಕೆ ಎರಡು ಸಂಜೆ, ಮೂಡಲಪಾಯದ ಹೆಜ್ಜೆಯನ್ನೂ ತಾಳವನ್ನೂ ಕಲಿಸುತ್ತೇವೆ, ಹರಿದ ಭುಜಕೀರ್ತಿಗಳನ್ನೂ ಕಿರೀಟಗಳನ್ನೂ ದುರಸ್ತಿ ಮಾಡಿಸುತ್ತೇವೆ, ಐದು ಪ್ರಸಂಗಗಳನ್ನು ಮುಖವೀಣೆ, ಮದ್ದಲೆಗಳೊಡನೆ ಮುದ್ರಿಸುತ್ತೇವೆ" ಎಂದು ಬರೆದರೆ ಎಲ್ಲವೂ ತಿಳಿಯುತ್ತದೆ. ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಯಾವಾಗ ಮುಗಿಯುತ್ತದೆ, ಮುಗಿದಾಗ ಕೈಯಲ್ಲಿ ಏನು ಉಳಿಯುತ್ತದೆ ಎಂಬ ನಾಲ್ಕಕ್ಕೆ ಉತ್ತರವಿದ್ದರೆ ಅರ್ಜಿ ಎರಡು ಪುಟ ಮೀರಬೇಕಾಗಿಲ್ಲ.

ಅಂದಾಜು ಪಟ್ಟಿಯಲ್ಲಿ ಬಹುಮಂದಿ ಎಡವುವುದು ಆಶ್ರಯದ ಖರ್ಚಿನ ಹತ್ತಿರ. ಸಂಸ್ಥೆಗೂ ಗುಮಾಸ್ತರ ಸಂಬಳ, ಲೆಕ್ಕ ಪರಿಶೋಧನೆಯ ವೆಚ್ಚ ಇರುತ್ತವೆ. ಬಂದ ಹಣದಲ್ಲಿ ನೂರಕ್ಕೆ ಇಷ್ಟೆಂದು ಅದು ಕೇಳಿದರೆ ತಪ್ಪಲ್ಲ. ನೂರಕ್ಕೆ 8 ಎಂದಿಟ್ಟುಕೊಳ್ಳಿ. ಎರಡು ಲಕ್ಷ ರೂಪಾಯಿ ಮಂಜೂರಾದರೆ 16,000 ರೂಪಾಯಿ ಸಂಸ್ಥೆಗೆ ಹೋಗಿ, ಕಾರ್ಯಕ್ಕೆ ಉಳಿಯುವುದು 1,84,000. ಕಾರ್ಯಕ್ಕೇ ಎರಡು ಲಕ್ಷ ಬೇಕೆಂದಿದ್ದವನು ಈ ಅಂಶವನ್ನು ಮೊದಲೇ ಸೇರಿಸದೆ ಹೋದರೆ, ಕೊನೆಯಲ್ಲಿ ಮದ್ದಲೆಯವನಿಗೆ ಕೈಮುಗಿದು ಕಳುಹಿಸಬೇಕಾಗುತ್ತದೆ. ಹಣ ಕೊಡುವವರು ಇಂಥ ವೆಚ್ಚವನ್ನು ಒಪ್ಪುತ್ತಾರೆಯೆ, ಎಷ್ಟರವರೆಗೆ ಒಪ್ಪುತ್ತಾರೆ ಎಂಬುದನ್ನು ಅವರ ಪ್ರಕಟಣೆಯಲ್ಲಿಯೇ ಓದಿ ತಿಳಿಯಬೇಕು.

ಈಗ ನನ್ನ ಅರೆಬರೆ ಉತ್ತರದ ಕತೆ. ಅಂದು ನಾನು ಭಾಗವತರಿಗೆ, "ಹೆಸರು ಅವರದಾದರೇನು, ಆಟ ನಿಮ್ಮದೇ. ಯಾವುದಾದರೊಂದು ಸಂಘವನ್ನು ಹಿಡಿಯೋಣ" ಎಂದೆ. ಪರಿಚಯದವರ ಸಂಘವೊಂದು ಸಿಕ್ಕಿತು. ಅವರು ಒಳ್ಳೆಯವರು, ಬಾಯಿಮಾತಿನಲ್ಲಿಯೇ ಒಪ್ಪಿದರು. ನಾವೂ ಬಾಯಿಮಾತಿಗೇ ತೃಪ್ತರಾದೆವು. ಅರ್ಜಿ ಮಂಜೂರಾಯಿತು. ಮೊದಲ ಕಂತಿನಲ್ಲಿ ಹುಡುಗರ ಅಭ್ಯಾಸ ಆರಂಭವಾಯಿತು, ಎರಡು ಪ್ರಸಂಗಗಳ ಮುದ್ರಣವೂ ಆಯಿತು. ಎರಡನೆಯ ಕಂತು ಬರಬೇಕಾದರೆ ಹಣ ಬಳಕೆಯ ಪ್ರಮಾಣಪತ್ರವೂ ಸಂಘದ ಆ ವರ್ಷದ ಪರಿಶೋಧಿತ ಲೆಕ್ಕವೂ ಹೋಗಬೇಕಿತ್ತು. ಸಂಘದ ಪದಾಧಿಕಾರಿಗಳಲ್ಲಿ ಮನಸ್ತಾಪ ಬಂದು ಲೆಕ್ಕ ಪರಿಶೋಧನೆಯೇ ನಿಂತುಹೋಗಿತ್ತು. ನಮ್ಮ ಕಡೆಯಲ್ಲಿಯೂ ತಪ್ಪಿತ್ತು: ವೇಷ ಹೊಲಿದವನಿಗೆ ನಗದು ಕೊಟ್ಟು ರಶೀದಿ ಪಡೆದಿರಲಿಲ್ಲ. ಲೆಕ್ಕ ಯಾರು ಇಡಬೇಕು, ಎಂದು ಒಪ್ಪಿಸಬೇಕು, ಒಪ್ಪಿಸದಿದ್ದರೆ ಏನು ಎಂದು ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ಹದಿನಾಲ್ಕು ತಿಂಗಳು ಕಾಗದಗಳು ಓಡಾಡಿದುವು. ಅಷ್ಟರಲ್ಲಿ ಭಾಗವತರು ತೀರಿಹೋದರು. ಮಿಕ್ಕ ಮೂರು ಪ್ರಸಂಗಗಳು ಅವರ ಕೊರಳಲ್ಲಿಯೇ ಇದ್ದುವು.

ಆದುದರಿಂದ, ಹಣ ಬರುವ ಮೊದಲೇ ಕರಾರು ಪತ್ರವಾಗಲಿ. ಅದು ಒಂದು ಹಾಳೆಯಾದರೂ ಸಾಕು. ಕಾರ್ಯದ ಹೆಸರು, ಅವಧಿ, ಮೊತ್ತ; ಸಂಸ್ಥೆಯ ಪಾಲು ಎಷ್ಟು; ಬಿಲ್ಲು ಕೊಟ್ಟ ಎಷ್ಟು ದಿನದೊಳಗೆ ಹಣ ಪಾವತಿಯಾಗಬೇಕು; ಲೆಕ್ಕ ಯಾವ ತಿಂಗಳು ಯಾರು ಒಪ್ಪಿಸಬೇಕು; ಸಂಸ್ಥೆ ಮಧ್ಯದಲ್ಲಿ ನಡೆಸಲಾರದೆ ಹೋದರೆ ಉಳಿದ ಹಣದ ಗತಿ ಏನು; ಮುದ್ರಿಸಿದ ಹಾಡು, ಬರೆದ ಪ್ರತಿ, ಕೊಂಡ ವೇಷ ಇವು ಕೊನೆಗೆ ಯಾರ ಸ್ವತ್ತು. ಈ ಕಡೆಯ ಮಾತನ್ನು ಮರೆಯಲಾಗದು. ಬರೆಯದೆ ಬಿಟ್ಟರೆ, ಭಾಗವತರು ಕೇಳಿದ ಪ್ರಶ್ನೆ ನಿಜವಾಗಿಬಿಡುತ್ತದೆ: ಕುಣಿದವರು ಒಬ್ಬರು, ಹೆಸರು ಇನ್ನೊಬ್ಬರದು. ಸಂಸ್ಥೆಯ ಆಡಳಿತ ಮಂಡಳಿ ಈ ಕರಾರನ್ನು ಸಭೆಯಲ್ಲಿ ನಿರ್ಣಯ ಮಾಡಿ ಒಪ್ಪಬೇಕು. ಕಾರ್ಯದರ್ಶಿಯೊಬ್ಬರ ಸ್ನೇಹ, ಆ ಕಾರ್ಯದರ್ಶಿ ಬದಲಾಗುವವರೆಗೆ ಮಾತ್ರ.

ಮೇಳದವರ ಕರ್ತವ್ಯವೂ ಉಂಟು. ಹೆಸರು ಕೊಟ್ಟವರು ತಮ್ಮ ಮಾನವನ್ನು ನಮ್ಮಲ್ಲಿ ಅಡವಿಟ್ಟಿದ್ದಾರೆ ಎಂದು ತಿಳಿಯಬೇಕು. ನಮ್ಮ ಒಂದು ಕಳ್ಳ ರಶೀದಿಯಿಂದ ಅವರ ಇಡೀ ಸಂಸ್ಥೆಯ ವಿನಾಯಿತಿಗೆ ಕುತ್ತು ಬಂದೀತು. ಪಾವತಿಗಳನ್ನು ಬ್ಯಾಂಕಿನ ಮೂಲಕವೇ ಮಾಡಬೇಕು; ಪ್ರತಿಯೊಂದಕ್ಕೂ ರಶೀದಿ ಪಡೆಯಬೇಕು; ಒಂದು ಶಾಲಾ ನೋಟುಪುಸ್ತಕದಲ್ಲಿ ದಿನದ ಖರ್ಚನ್ನು ಅಂದಂದೇ ಬರೆಯಬೇಕು. ಪ್ರಸಂಗವನ್ನು ಸಾವಿರ ಪದ್ಯ ಬಾಯಿಪಾಠ ಮಾಡಬಲ್ಲವರಿಗೆ ಇದು ಭಾರವಲ್ಲ.

ಆ ಹಳ್ಳಿಯಲ್ಲಿ ಹುಡುಗರು ಇಂದಿಗೂ ಕುಣಿಯುತ್ತಾರೆ. ಕಳೆದ ಊರಹಬ್ಬದ ರಾತ್ರಿ, ಮುದ್ರಣವಾಗಿದ್ದ ಎರಡು ಪ್ರಸಂಗಗಳಲ್ಲಿ ಒಂದನ್ನು ಆಡಿದರು. ಪದ್ಯದ ಧಾಟಿ ತಪ್ಪಿದಲ್ಲೆಲ್ಲ ಮೊದಲೇ ಭಾಗವತರ ಧ್ವನಿಯನ್ನು ಹಾಕಿ ಕೇಳಿ ತಿದ್ದಿಕೊಂಡಿದ್ದರು. ಕೋಡಂಗಿ ರಂಗಕ್ಕೆ ಬಂದಾಗ ಮಕ್ಕಳು ನಕ್ಕರು, ಮುದುಕರು ಕಣ್ಣೊರಸಿಕೊಂಡರು. ಹೊಸ ಅರ್ಜಿಯೊಂದನ್ನು ಆ ಹುಡುಗರು ಈಗ ಸಿದ್ಧಪಡಿಸುತ್ತಿದ್ದಾರೆ; ಪಕ್ಕದೂರಿನ ಎಪ್ಪತ್ತೆಂಟು ವರ್ಷದ ಮುಖವೀಣೆಯವರ ನುಡಿಸಾಣಿಕೆಯನ್ನು ಮುದ್ರಿಸುವುದಕ್ಕೆ. ಈ ಸಲ ಕರಾರು ಪತ್ರ ಮೊದಲು, ಅರ್ಜಿ ಆಮೇಲೆ.