ಜಗದ್ಗುರುಗಳ ರಾಯಭಾರಿ



ಜೂನ್ 29 ಸಂತ ಪೇತ್ರ ಹಾಗೂ ಸಂತ ಪೌಲರ ಹಬ್ಬ. ಅಂದು ಜಗದ್ಗುರು ಪೋಪರಿಗಾಗಿ ನಾವು ವಿಶೇಷವಾಗಿ ಪ್ರಾರ್ಥಿಸುತ್ತೇವೆ. ಇದೇ ಹೊತ್ತಿನಲ್ಲಿ ನಮ್ಮ ಯುವಕರು ಕೇಳುವ ಪ್ರಶ್ನೆಯೊಂದಿದೆ: "ಫಾದರ್, ದೆಹಲಿಯಲ್ಲಿ ಪೋಪರ ರಾಯಭಾರಿ ಇದ್ದಾರಂತೆ. ಹಾಗಾದರೆ ನೀವು ಯಾವ ದೇಶದವರು ಎಂದು ಗೆಳೆಯರು ಕೇಳುತ್ತಾರೆ. ಏನು ಹೇಳೋಣ?" ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇದರ ಉತ್ತರ ನಮ್ಮ ಪ್ರತಿ ಮನೆಗೂ ತಿಳಿದಿರಬೇಕು.

ಪೋಪರ ರಾಯಭಾರಿಯನ್ನು 'ನುನ್ಸಿಯೊ' ಎನ್ನುತ್ತಾರೆ. ಲತೀನ್ ಮೂಲದ ಈ ಪದಕ್ಕೆ ಸಂದೇಶ ತರುವವನು ಎಂದರ್ಥ. 1500ರಷ್ಟು ಹಿಂದೆಯೇ ವೆನಿಸ್ ನಗರದಲ್ಲಿ ಖಾಯಂ ನುನ್ಸಿಯೊ ಇದ್ದರು. ಇವರು ಪ್ರತಿನಿಧಿಸುವುದು 44 ಹೆಕ್ಟೇರಿನ ವ್ಯಾಟಿಕನ್ ನಗರವನ್ನಲ್ಲ, ಸಂತ ಪೇತ್ರರ ಪವಿತ್ರ ಪೀಠವನ್ನು. ಇದಕ್ಕೆ ಚರಿತ್ರೆಯೇ ಸಾಕ್ಷಿ. 1870ರಲ್ಲಿ ರೋಮ್ ಕೈಬಿಟ್ಟ ಮೇಲೆ, 1929ರ ಲ್ಯಾಟರನ್ ಒಪ್ಪಂದದವರೆಗೆ ಪೋಪರಿಗೆ ಸ್ವಂತ ರಾಜ್ಯವೇ ಇರಲಿಲ್ಲ. ಆದರೂ ಅವರ ರಾಯಭಾರಿಗಳು ದೇಶದೇಶಗಳಲ್ಲಿದ್ದರು. ಭಾರತಕ್ಕೆ ಪೋಪರ ಪ್ರತಿನಿಧಿ ನೇಮಕವಾದದ್ದೂ ಆ ಅವಧಿಯಲ್ಲೇ, 1880ರ ದಶಕದಲ್ಲಿ.

ಆ ಪ್ರತಿನಿಧಿಗಳು ಶ್ರೀಸಭೆಗಷ್ಟೇ ಕಳುಹಿಸಲ್ಪಟ್ಟವರು, ಸರ್ಕಾರಕ್ಕಲ್ಲ. ಅವರ ನಿವಾಸ ನಮ್ಮ ಬೆಂಗಳೂರಿನಲ್ಲಿತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. 1931ರಲ್ಲಿ ನೇಮಕಗೊಂಡ ಮಹಾಧರ್ಮಾಧ್ಯಕ್ಷ ಲಿಯೋ ಪೀಟರ್ ಕೀರ್ಕೆಲ್ಸ್ ಇಲ್ಲಿಯೇ ಇದ್ದವರು. ದೇಶ ಸ್ವತಂತ್ರವಾದ ಮರುವರ್ಷ, 1948ರ ಜೂನ್ 12ರಂದು, ಭಾರತಕ್ಕೂ ಪವಿತ್ರ ಪೀಠಕ್ಕೂ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಅದೇ ಕೀರ್ಕೆಲ್ಸ್ ಮೊದಲ ರಾಯಭಾರಿಯಾದರು. 1967ರಲ್ಲಿ ಈ ಕಾರ್ಯಾಲಯ ಪೂರ್ಣ ರಾಯಭಾರ ಕಚೇರಿಯ ದರ್ಜೆಗೆ ಏರಿತು. ಭಾರತವೂ ಪೋಪರ ಬಳಿಗೆ ತನ್ನ ರಾಯಭಾರಿಯನ್ನು ನೇಮಿಸುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ನಮ್ಮ ರಾಯಭಾರಿಗಳೇ ಆ ಹೊಣೆಯನ್ನೂ ಹೊತ್ತು ಬಂದಿದ್ದಾರೆ. ಅಂದರೆ ಇದು ಕದ್ದುಮುಚ್ಚಿ ಬೆಳೆದ ನಂಟಲ್ಲ. ಸ್ವತಂತ್ರ ಭಾರತ ತಾನಾಗಿ ಕೈ ಚಾಚಿ ಬೆಳೆಸಿದ ಸ್ನೇಹ.

ನುನ್ಸಿಯೊ ಮಾಡುವ ಕೆಲಸ ಎರಡು ಬಗೆಯದು. ಸರ್ಕಾರದೊಡನೆ ಪೋಪರ ಪರವಾಗಿ ಮಾತನಾಡುವುದು ಒಂದು. ಸ್ಥಳೀಯ ಶ್ರೀಸಭೆಯನ್ನು ರೋಮಿನೊಡನೆ ಬೆಸೆಯುವುದು ಇನ್ನೊಂದು. ಹೊಸ ಧರ್ಮಾಧ್ಯಕ್ಷರು ಬೇಕಾದಾಗ ಅವರು ಗುರುಗಳಿಂದಲೂ ಶ್ರೀಸಾಮಾನ್ಯ ವಿಶ್ವಾಸಿಗಳಿಂದಲೂ ಗುಟ್ಟಾಗಿ ಅಭಿಪ್ರಾಯ ಕೇಳುತ್ತಾರೆ; ಸಾಮಾನ್ಯವಾಗಿ ಮೂರು ಹೆಸರುಗಳನ್ನು ರೋಮಿಗೆ ಕಳುಹಿಸುತ್ತಾರೆ. ಆಯ್ಕೆ ಪೋಪರದು. ಅಂಥ ಪತ್ರ ನಮ್ಮ ಕೈಗೆ ಬಂದರೆ ಜಾತಿ, ಊರು, ಭಾಷೆ ನೋಡದೆ ಮನಸ್ಸಾಕ್ಷಿಗೆ ಸರಿಯಾಗಿ ಉತ್ತರಿಸುವುದು ನಮ್ಮ ಧರ್ಮ. ನುನ್ಸಿಯೊ ನಮ್ಮ ಧರ್ಮಾಧ್ಯಕ್ಷರ ಮೇಲಧಿಕಾರಿಯಲ್ಲ; ಧರ್ಮಪ್ರಾಂತ್ಯದ ಆಡಳಿತ ಧರ್ಮಾಧ್ಯಕ್ಷರದೇ.

ಆದ್ದರಿಂದ ಮಕ್ಕಳಿಗೆ ಧೈರ್ಯವಾಗಿ ಹೇಳೋಣ: ನಾವು ಭಾರತದ ಪ್ರಜೆಗಳು. ನಮ್ಮ ಮತ, ತೆರಿಗೆ, ದುಡಿಮೆ ಈ ನಾಡಿನವು. ಪೋಪರೊಡನೆ ನಮ್ಮನ್ನು ಕಟ್ಟಿರುವುದು ವಿಶ್ವಾಸ, ಪೌರತ್ವವಲ್ಲ.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಸಂತ ಪೌಲರು ತಮ್ಮನ್ನು ಕ್ರಿಸ್ತರ ರಾಯಭಾರಿ ಎಂದು ಕರೆದುಕೊಂಡರು. ಎಫೆಸದವರಿಗೆ ಬರೆದ ಪತ್ರದಲ್ಲಿ ಸಂಕೋಲೆಯಲ್ಲಿದ್ದೂ ಅದೇ ಮಾತು. ಅವರ ಕಾಲಿಗೆ ಬಂಗಲೆಯಿರಲಿಲ್ಲ, ಕಾರಿರಲಿಲ್ಲ, ಸರಪಳಿಯಿತ್ತು. ರಾಯಭಾರಿಯ ನಡತೆ ನೋಡಿ ಜನರು ಕಳುಹಿಸಿದವರನ್ನು ಅಳೆಯುತ್ತಾರೆ. ನೆರೆಮನೆಯವರು ನಮ್ಮನ್ನು ನೋಡಿ ಕ್ರಿಸ್ತರನ್ನು ಹೇಗೆ ಅಳೆಯುತ್ತಿದ್ದಾರೆ? ಈ ಹಬ್ಬದಂದು ಅದನ್ನು ಯೋಚಿಸೋಣ.