ಮೀನುಗಾರನಿಗೆ ತಕ್ಕ ಭೂಪಟ

ಮೀನು ಹಿಡಿಯಹೊರಟವನು ಮೊದಲು ನೀರಿನ ನೆಲೆಯನ್ನೂ ಅನಂತರ ಅದರ ಆಳವನ್ನೂ ತಿಳಿಯಬೇಕು. ತರಗತಿಯ ಗೋಡೆಯ ಮೇಲಿನ ಜಿಲ್ಲಾ ಭೂಪಟದಿಂದ ಇವೆರಡೂ ತಿಳಿಯಲಾರವು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಕಿಲೋಮೀಟರು ಎರಡು ಸೆಂಟಿಮೀಟರಾಗಿರುವುದರಿಂದ ಸಣ್ಣ ಕೆರೆಗಳೂ ಅವುಗಳ ಬಂಡಿದಾರಿಗಳೂ ಕಾಣುತ್ತವೆ. ನೀಲಿ ತುಂಬಿದುದು ಸದಾ ನೀರಿರುವ ಕೆರೆ. ಬರಿಯ ಕಪ್ಪು ಗೆರೆಯದು ಬತ್ತುವ ಕೆರೆ.

ಜಲಾಶಯದ ಮಾತೇ ಬೇರೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯವು ಹೊಸ ನಕ್ಷೆಯಲ್ಲಿ ಕೇವಲ ನೀಲಿಯ ಹರವು. ಅಣೆಕಟ್ಟಿಗೆ ಮುಂಚಿನ, ಮೈಲಿಗೆ ಒಂದಂಗುಲದ ಹಾಳೆಯಲ್ಲಾದರೋ ಹಳೆಯ ನದೀಪಾತ್ರ, ಹಳ್ಳಗಳು ಬಂದು ಕೂಡುವ ಎಡೆ, ಈಗ ಮುಳುಗಿರುವ ಊರುಗಳು ಎಲ್ಲವೂ ಉಂಟು. ಬೇಸಗೆಯಲ್ಲಿ ನೀರಿಳಿದಂತೆ ಮೀನು ಸರಿಯುವುದು ಆ ಹಳೆಯ ಪಾತ್ರದ ಕಡೆಗೆ. ಬಲೆ ಸಿಕ್ಕಿ ಹರಿಯುವುದು ಮುಳುಗಿದ ಗೋಡೆ, ಮರದ ಬೊಡ್ಡೆಗಳಿಗೆ. ಬಲೆಯೊಂದು ಹರಿದರೆ ಬಡ ಕುಟುಂಬದ ಕೆಲವು ದಿನಗಳ ಅನ್ನವೇ ಹೋದಂತೆ. ಇಂಥ ಹಾಳೆಗಳನ್ನು ಹಳತೆಂದು ರದ್ದಿಗೆ ಹಾಕುವ ಶಾಲೆಗಳೂ ಇವೆಯೆಂಬುದು ವಿಷಾದಕರ.

ಆದರೆ ಆಳದ ವಿಷಯದಲ್ಲಿ ಹಳೆಯ ಹಾಳೆಯನ್ನೂ ಪೂರ್ಣವಾಗಿ ನಂಬಲಾಗದು. ಅದರ ಸಮೋನ್ನತಿ ರೇಖೆಗಳ ನಡುವಿನ ಅಂತರವೇ 50 ಅಡಿ. ಮೇಲಾಗಿ ಹೂಳು ತುಂಬಿ, ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಆದುದರಿಂದ ಹಾಳೆಯಲ್ಲಿ ಪಾತ್ರದ ಜಾಡನ್ನು ಗುರುತಿಸಿಕೊಂಡು, ಹರಿಗೋಲಿನಿಂದ ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ದೊರೆತ ಆಳವನ್ನು ತಿಂಗಳ ಹೆಸರಿನೊಡನೆ ಅಲ್ಲಿಯೇ ಸೀಸದಕಡ್ಡಿಯಿಂದ ಬರೆದಿಡತಕ್ಕದ್ದು.